ಮೊದಲ ಪ್ಲೇಟಿನ ಮೇಲೆ ಹೋದ ಕಾರು

ಒಗೆದ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಾಗ ಠಾಣೆಯಿಂದ ಫೋನ್ ಬಂತು. ಮಿಕ್ಕ ಬಕೆಟ್ಟನ್ನು ಗಂಡನ ಪಾಲಿಗೆ ಬಿಟ್ಟು ಇನ್‌ಸ್ಪೆಕ್ಟರಮ್ಮ ಹೊರಟರು.

ದೂರು ಕೊಟ್ಟದ್ದು ಕರೆಂಟ್ ರಸ್ತೆಯ ಕಂಪನಿ. ಅಲ್ಲಿ ಡಾಂಬರಿನ ನಡುವೆ ಉಕ್ಕಿನ ಪ್ಲೇಟುಗಳಿವೆ. ವಾಹನಗಳ ಭಾರಕ್ಕೆ ಅವು ತಗ್ಗಿ ಏಳುವಾಗ ಕೆಳಗಿನ ಯಂತ್ರ ತಿರುಗಿ ವಿದ್ಯುತ್ ಹುಟ್ಟುತ್ತದೆ. ಬೀದಿದೀಪ, ಸಿಗ್ನಲ್ ಎಲ್ಲವೂ ಅದರಿಂದಲೇ. ಬೆಳಿಗ್ಗೆ ಆರೂವರೆಗೆ ಮೊದಲ ಪ್ಲೇಟು ಕುಸಿದು ಮ್ಯಾನೇಜರನ ಕಾರು ಗುಂಡಿಗೆ ಬಿದ್ದಿತ್ತು. ಅವನ ಎರಡೂ ಕಾಲು ಮುರಿದಿದ್ದವು. ಎಫ್‌ಐಆರ್ ದಾಖಲಾಯಿತು.

ಪಂಚನಾಮೆಗೆಂದು ಮುಖ್ಯಪೇದೆ ಗುಂಡಿಗೆ ಬಗ್ಗಿ ನೋಡಿದ.

“ಮೇಡಂ, ಆಸಾಮಿ ಭಾರೀ ಅಚ್ಚುಕಟ್ಟು. ಸ್ಪ್ರಿಂಗ್ ಎಲ್ಲಾ ಬಿಚ್ಚಿ, ಒರೆಸಿ, ಸಾಲಾಗಿ ಇಟ್ಟಿದಾನೆ. ನಾನು ಮನೇಲಿ ಚಪ್ಪಲೀನೂ ಹೀಗಿಡಲ್ಲ.”

“ಅದಕ್ಕೇ ನಿಮ್ಮ ಹೆಂಡ್ತಿ ನನಗೆ ಫೋನ್ ಮಾಡೋದು. ಬೇರೆ ಗಾಡಿ ಯಾಕೆ ಬೀಳಲಿಲ್ಲ?”

ಉತ್ತರ ಕೊಟ್ಟವನು ಕಂಪನಿಯ ಕಾವಲುಗಾರ. “ರಾತ್ರಿ ರಿಪೇರಿಗೆ ಈ ಕಡೆ ಮುಚ್ತೀವಿ. ಬೆಳಿಗ್ಗೆ ಮ್ಯಾನೇಜರ್ ಸಾಹೇಬ್ರು ಕಾರು ಓಡಿಸಿ ನೋಡಿದ ಮೇಲೇ ಬೇಲಿ ತೆಗೆಯೋದು. ದಿನಾ ಇದೇ ರೂಢಿ.”

ಹಾಗಾದರೆ ಗುಂಡಿ ಕಾದಿದ್ದು ಒಬ್ಬನಿಗೇ.

ಮುಖ್ಯ ಸ್ವಿಚ್ಚನ್ನು ಯಾರೋ ಇಳಿಸಿದ್ದರಿಂದ ದೀಪಗಳೆಲ್ಲ ಆರಿದ್ದವು. ಪಾದಚಾರಿಗಳು ದಾಟುವ ಕಡೆಯ ಸಿಗ್ನಲ್ ಮಾತ್ರ ಉರಿಯುತ್ತಿತ್ತು. ಅದಕ್ಕೆ ಯಾರೋ ಬೇರೆ ಬ್ಯಾಟರಿ ಕಟ್ಟಿದ್ದರು. ಕೇಡು ಮಾಡಲು ಬಂದವನು ದಾಟುವವರಿಗಾಗಿ ಬ್ಯಾಟರಿ ಹೊತ್ತು ತಂದಿದ್ದನೇ?

“ಇಲ್ಲಿ ದಾಟೋವಾಗ ಯಾರಾದ್ರೂ ಸತ್ತಿದಾರಾ?”

ಕಾವಲುಗಾರ ತಲೆ ತಗ್ಗಿಸಿದ. “ನಮ್ಮ ಫಿಟ್ಟರ್ ಹೆಂಡ್ತಿ, ಹೋದ ವರ್ಷ. ಮುಂಚೆ ಇಲ್ಲಿ ಹಂಪ್ ಇತ್ತು. ಗಾಡಿ ನಿಧಾನ ಆದ್ರೆ ಕರೆಂಟ್ ಕಮ್ಮಿ ಅಂತ ಸಾಹೇಬ್ರು ಕೀಳಿಸಿದ್ರು.”

ಫಿಟ್ಟರ್ ಮನೆಯಲ್ಲೇ ಇದ್ದ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಉಗುರು ಕತ್ತರಿಸುತ್ತಿದ್ದ. ಪೊಲೀಸರನ್ನು ಕಂಡರೂ ಕೊನೆಯ ಬೆರಳು ಮುಗಿಸಿಯೇ ಎದ್ದ.

“ನೀನೇನಾ?”

“ನಾನೇ.”

“ಮ್ಯಾನೇಜರ್ ಸತ್ತೇ ಹೋಗಿದ್ರೆ?”

“ಸಾಯಬಾರದು ಮೇಡಂ. ಆ ರಸ್ತೆ ಅಂಚಲ್ಲಿ ನಿಂತು, ದಾಟಿಸೋರಿಗೆ ಕಾಯಬೇಕು. ಅವನಿಗೂ ಎದೆ ಹೊಡ್ಕೋಬೇಕು.”

“ಆಗಲೇ ದೂರು ಕೊಡೋಕೇನಾಗಿತ್ತು?”

“ಕೊಟ್ಟಿದ್ದೆ, ನಿಮ್ಮ ಠಾಣೇಲೇ. ಡ್ರೈವರ್ ಮೇಲೆ ಕೇಸ್ ಹಾಕಿ ಮುಗಿಸಿದ್ರು. ಹಂಪ್ ಕೀಳಿಸೋದು ಅಪರಾಧ ಅಲ್ವಂತೆ.” ಅಂಗೈಗಳನ್ನು ಮುಂದೆ ಚಾಚಿದ. “ಕೆಲಸ ಹೋಗುತ್ತೆ ಅಂತ ಹೆದರಿಸಿ ಅವನು ಕೀಳಿಸಿದ. ಕಿತ್ತಿದ್ದು ಈ ಕೈಗಳೇ. ಇನ್ನೇನು ಹೇಳ್ಲಿ?”

ಬಂಧನದ ವಿಷಯ ತಿಳಿಸಲು ಅವನ ಅಕ್ಕನನ್ನು ಕರೆಸಿದರು. ಅವಳು ಬಂದವಳೇ ತಮ್ಮನ ಬೆನ್ನಿಗೆ ಗುದ್ದಿದಳು. “ಈ ಮಗು ನೆನಪಾಗಲಿಲ್ವೇನೋ ಪಾಪಿ?”

“ನೆನಪಾಗಿದ್ದಕ್ಕೇ ಕಣಕ್ಕಾ, ಅವನು ಉಳಿದಿರೋದು.”

ಜೀಪಿನವರೆಗೂ ಮಗು ಹಿಂದೆಯೇ ಬಂತು. ಅಮ್ಮ ಸತ್ತ ಮೇಲೆ ಅದು ಹೊರಗಿನವರೊಡನೆ ಬಾಯಿ ಬಿಟ್ಟಿದ್ದಿಲ್ಲ. ಇನ್‌ಸ್ಪೆಕ್ಟರಮ್ಮ ಮಂಡಿಯೂರಿ ಕೂತು ಅದರ ಕೆನ್ನೆ ಒರೆಸಿದರು. ಮಗು ಅವರ ಟೋಪಿಯನ್ನೂ ಜೀಪನ್ನೂ ನೋಡಿತು. ಅತ್ತೆ ಕೈ ಹಿಡಿದೆಳೆದರೂ ಕದಲಲಿಲ್ಲ.

“ಆಂಟಿ, ಹಂಪ್ ಕೀಳಿಸಿದ ಅಂಕಲ್‌ನ ಯಾವಾಗ ಕರ್ಕೊಂಡು ಹೋಗ್ತೀರಾ?”