ನಿಮ್ಮ ಮಾತು ಯಾವುದು?

"ಅಪ್ಪ ಮತ್ತೆ ತಟ್ಟೆ ಎಸೆದ್ರು. ಸಾಕಾಯ್ತು. ಯಾರಾದ್ರೂ ತಾಳ್ಮೆ ಅಂದ್ರೆ ಗ್ರೂಪ್ ಬಿಡ್ತೀನಿ!"

ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರ ಗ್ರೂಪಿಗೆ ಅವಳು ಹಾಕಿದ ಮೊದಲ ಸಂದೇಶ ಅದು. ಅವಳು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಎಂಟು ತಿಂಗಳಾಗಿತ್ತು. ಅಣ್ಣ ಫೋನಿನಲ್ಲಿ "ನೀನಿದ್ದೀಯಲ್ಲ" ಎಂದು ಕೈತೊಳೆದುಕೊಂಡಿದ್ದ.

ಐದೇ ನಿಮಿಷ! ತಾಳ್ಮೆ ಇರಲಿ ತಂಗಿ... ಹೆತ್ತವರ ಸೇವೆ ಪುಣ್ಯ... ಎಲ್ಲಾ ಒಳ್ಳೆಯದಾಗುತ್ತೆ...

ಅಲ್ಲ, ಪುಕ್ಕಟೆ ಉಪದೇಶ ಮಾಡಲು ಇವರ ಗಂಟೇನು ಹೋಗುತ್ತದೆ! ಬೇಡ ಎಂದವಳಿಗೇ ಬಲವಂತವಾಗಿ ಬಡಿಸುವ ಜನ. ಅವಳ ಮೈಯೆಲ್ಲ ಉರಿದುಹೋಯಿತು.

ಗ್ರೂಪ್ ಬಿಡಬೇಕೆನ್ನುವಷ್ಟರಲ್ಲಿ ಇನ್ನೊಂದು ಉತ್ತರ ಬಂತು.

"ಎಸೀಲಿ ಬಿಡಿ. ಸ್ಟೀಲ್ ತಟ್ಟೆ ತಾನೆ? ನೀವೂ ಒಂದು ಎಸೀರಿ!"

ಬರೆದವನು ಲಿಫ್ಟ್ ರಿಪೇರಿಯವನು. ಗ್ರೂಪಿನವರೆಲ್ಲ ಅವನನ್ನು ಲಿಫ್ಟಣ್ಣ ಎನ್ನುತ್ತಿದ್ದರು.

ಸ್ವಲ್ಪ ಹೊತ್ತಿಗೆ ಅವಳು ಬರೆದಳು. "ಎಸೆದೆ. ಸೊಟ್ಟಗಾಯ್ತು."

"ಭೇಷ್! ಅಪ್ಪ ಏನಂದ್ರು?"

"ನಕ್ಕುಬಿಟ್ರು ರೀ!"

ಅವಳೂ ನಕ್ಕಿದ್ದಳು, ಎಂಟು ತಿಂಗಳ ನಂತರ. ಅಂದಿನಿಂದ ದಿನವೂ ಇಬ್ಬರ ಮಾತು ನಡೆಯಿತು. ಇಬ್ಬರದ್ದೂ ತುಂಡು ತುಂಡು ವಾಕ್ಯ, ಇಬ್ಬರದ್ದೂ ಬೈಗುಳ.

"ಸೇವೆ, ಪುಣ್ಯ ಅನ್ನೋರನ್ನ ಕಂಡ್ರೆ ಉರಿಯತ್ತೆ," ಎಂದು ಅವಳು ಬರೆದರೆ, "ನನಗೂ!" ಎನ್ನುತ್ತಿದ್ದ.

ಮೂರು ತಿಂಗಳಲ್ಲಿ ಅವಳಿಗೆ ಗೊತ್ತಾಗಿಹೋಯಿತು. ಮುಖ ಕಾಣದ ಈ ಮನುಷ್ಯನನ್ನು ನಾನು ಪ್ರೀತಿಸುತ್ತಿದ್ದೇನೆ! ಜಗತ್ತಿನಲ್ಲಿ ನನ್ನ ಹಾಗೆ ಯೋಚಿಸುವವನು ಇವನೊಬ್ಬನೇ...

ಆ ಬುಧವಾರ ಅಪ್ಪನನ್ನು ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದೊಯ್ದಳು. ಅದೇ ಗ್ರೂಪಿನ ಟೀಚರಮ್ಮನೂ ಅಲ್ಲಿ ಮರೆವಿನ ಕಾಯಿಲೆಯ ಗಂಡನ ಜೊತೆ ಕೂತಿದ್ದರು. "ನೋಡಮ್ಮಾ, ಲಿಫ್ಟಣ್ಣ ನನಗೆ ಏನು ಬರ್ದಿದಾನೆ ಅಂತ," ಎಂದು ಫೋನು ಚಾಚಿದರು.

'ಅಮ್ಮಾ, ತಾವು ಮಾಡುತ್ತಿರುವ ಸೇವೆ ದೊಡ್ಡ ಪುಣ್ಯ. ತಮ್ಮ ಕಣ್ಣೀರು ಖಂಡಿತ ವ್ಯರ್ಥವಾಗುವುದಿಲ್ಲ...'

"ಇದನ್ನ ಓದಿದ ಮೇಲೇ ಒಂದು ತುತ್ತು ಗಂಟಲಲ್ಲಿ ಇಳೀತು ಕಣಮ್ಮಾ."

ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಸೇವೆಯಂತೆ! ಪುಣ್ಯವಂತೆ! ನನ್ನ ಹತ್ತಿರ ಒಂದು ನಾಲಿಗೆ, ಇವರ ಹತ್ತಿರ ಇನ್ನೊಂದು. ಗೋಸುಂಬೆ!

ಮರುದಿನ ಊಟದ ಬಿಡುವಿನಲ್ಲಿ ನೇರ ಅವನು ಕೆಲಸ ಮಾಡುವ ಕಟ್ಟಡಕ್ಕೇ ಹೋದಳು; ಯಾವ ಕಟ್ಟಡವೆಂದು ಹಿಂದೊಮ್ಮೆ ಅವನೇ ಬರೆದಿದ್ದ. ನೆಲಮಾಳಿಗೆಯ ಚಿಕ್ಕ ಕೋಣೆಯಲ್ಲಿ, ಗ್ರೀಸ್ ಹತ್ತಿದ ಅಂಗಿಯವನೊಬ್ಬ ಎದ್ದು ನಿಂತ.

"ಯಾರು ಬೇಕಿತ್ತು?"

"ತಟ್ಟೆ ಎಸೆದವಳು ನಾನೇ!"

ಅವನ ಮುಖ ಅರಳಿತು. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ. "ಟೀಚರಮ್ಮಂಗೆ ಬರೆದಿದ್ದು ಓದಿದೆ. ಎಷ್ಟು ನಾಲಿಗೆ ರೀ ನಿಮಗೆ?"

ಅವನು ಬಾಯಿ ತೆರೆಯುವಷ್ಟರಲ್ಲಿ ಲಿಫ್ಟಿನೊಳಗಿನವರ ದನಿ ಕೇಳಿಸುವ ಗೋಡೆಯ ಸ್ಪೀಕರು ಕಿರುಚಿತು. "ಏಯ್! ಯಾರ್ರೀ ಅಲ್ಲಿ? ಲಿಫ್ಟ್ ನಿಂತಿದೆ!"

"ಇದೀನ್ರೀ!" ಅವನೂ ಅಷ್ಟೇ ಜೋರಾಗಿ ಕೂಗಿದ. "ನಮ್ಮೋರು ಮೇಲೆ ಬಾಗಿಲು ತೆಗೀತಾರೆ! ಹತ್ತೇ ನಿಮಿಷ!"

ಕೂಗು ತಣ್ಣಗಾಯಿತು. ಅದರ ಹಿಂದೆಯೇ ಹೆಂಗಸೊಬ್ಬಳ ನಡುಗುವ ದನಿ. "ಭಯ ಆಗ್ತಿದೆ..."

"ಆಗತ್ತಮ್ಮಾ... ಭಯ ಆಗತ್ತೆ... ನಾನು ಎಲ್ಲೂ ಹೋಗಲ್ಲ..." ಅವನ ದನಿಯೂ ಮೆತ್ತಗಾಗಿತ್ತು.

ಇಬ್ಬರೂ ಹೊರಬಂದ ಸುದ್ದಿ ತಿಳಿದ ಮೇಲೆ ಅವನು ತಿರುಗಿದ. "ಕೂಗೋರಿಗೆ ಮೆತ್ತಗೆ ಹೇಳಿದ್ರೆ ಇನ್ನೂ ಹೆದರ್ತಾರೆ. ಅಳೋರ ಮುಂದೆ ಕೂಗಬಾರದು. ಅವರವರ ಮಾತಲ್ಲೇ ಆಡಿದ್ರೆ ಜೊತೆಗೆ ಒಬ್ಬ ಇದಾನೆ ಅನ್ಸತ್ತೆ."

"ಹಾಗಾದ್ರೆ ನಾನೂ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವಳಾ? ನನ್ನ ಜೊತೆ ಆಡಿದ್ದೂ ಡ್ಯೂಟಿನಾ?"

"ಮೊದಲ ದಿನ... ಹೌದು. ಆದ್ರೆ..."

"ಸಾಕು! ನಿಮ್ಮದು ಅಂತ ಒಂದು ಮಾತಾದ್ರೂ ಇದ್ಯಾ?"

ಅವನು ತಲೆ ತಗ್ಗಿಸಿದ. "ಇತ್ತು. ಯಾರೂ ಕೇಳಿಸಿಕೊಳ್ಳಲಿಲ್ಲ."

ಅವಳು ಬಾಗಿಲು ದೂಡಿಕೊಂಡು ಹೊರಟುಬಂದಳು. ಲ್ಯಾಬಿನಲ್ಲಿ ಕಟ್ಟುಹಲ್ಲು ಉಜ್ಜಿ ನುಣುಪು ಮಾಡುತ್ತ ಕೂತರೂ ಆ ಮಾತು ಕಿವಿ ಬಿಡಲಿಲ್ಲ. ಕೇಳಿಸಿಕೊಳ್ಳಲಿಲ್ಲವಂತೆ! ಏನು ಹೇಳಿದ್ದನಂತೆ?

ಸಂಜೆ ಗ್ರೂಪನ್ನು ಹಿಂದಕ್ಕೆ ಸರಿಸುತ್ತ ಹೋದಳು; ಹೊಸಬರಿಗೂ ಹಳೆಯ ಸಂದೇಶಗಳೆಲ್ಲ ಅದರಲ್ಲಿ ಕಾಣುತ್ತಿದ್ದವು. ಎರಡು ವರ್ಷದ ಹಿಂದೆ, ಅವನ ಮೊದಲ ಸಂದೇಶ ಸಿಕ್ಕಿತು.

'ಇವತ್ತು ಅಮ್ಮನ ಉಗುರು ಕತ್ತರಿಸಿದೆ, ಎಡಗೈದು ಆಯ್ತು, ಬಲಗೈಯಲ್ಲಿ ಮಾತ್ರ ನನ್ನ ಬೆರಳು ಹಿಡ್ಕೊಂಡು ಬಿಡಲೇ ಇಲ್ಲ, ಏನೋ, ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು, ಅದಕ್ಕೆ ಇಲ್ಲಿ...'

ಕೆಳಗೆ ಹನ್ನೆರಡು ಕೈಮುಗಿದ ಚಿತ್ರಗಳು. ಒಂದು 'ಧೈರ್ಯವಾಗಿರಿ'.

ಮೂರನೆಯ ದಿನ ಮತ್ತೆ ಬರೆದಿದ್ದ. 'ಅಮ್ಮ ಹೋದ್ರು, ಬಲಗೈ ಉಗುರು ಹಾಗೇ ಉಳೀತು.'

ಮತ್ತೆ ಕೈಮುಗಿದ ಚಿತ್ರಗಳೇ! ನೂರು ಜನರಿದ್ದ ಗ್ರೂಪಿನಲ್ಲಿ ಒಬ್ಬರಿಗೂ ಒಂದು ಮಾತು ಬರೆಯಲು ಬೆರಳಿರಲಿಲ್ಲವೇ? ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅವರ ಮೇಲೆ, ತನ್ನ ಮೇಲೆ. ಅದಾದ ಮೇಲೆ ಅವನು ತನ್ನದೆನ್ನುವ ಒಂದು ಮಾತೂ ಬರೆದಿರಲಿಲ್ಲ. ತನಗೆ ಸಿಗದದ್ದನ್ನು ಎಲ್ಲರಿಗೂ ಕೊಡುತ್ತ ಬಂದಿದ್ದ.

ಅವಳು ಆ ಹಳೆಯ ಸಂದೇಶಕ್ಕೇ ಉತ್ತರ ಬರೆಯಲು ಕೂತಳು. ತುಂಡು ಮಾತು ಇಲ್ಲಿಗೆ ಹೊಂದುತ್ತಿರಲಿಲ್ಲ. ಅವನ ಧಾಟಿಯಲ್ಲೇ ನಿಧಾನವಾಗಿ ಬರೆದಳು.

'ಬಲಗೈ ಯಾಕೆ ಬಿಡ್ಲಿಲ್ವೋ ಅಂತ ಯೋಚಿಸ್ತಾ ಇದ್ದೆ, ಏನೋ, ಉಗುರಿನ ವಿಷಯ ಅಲ್ವೇನೋ ಅದು, ನಿಮ್ಮ ಕೈ ಹಿಡ್ಕೊಂಡಿರೋದೇ ಅವರಿಗೆ ಹಿತವಾಗಿತ್ತೇನೋ, ಅಮ್ಮನ ಕೈ ಹೇಗಿತ್ತು, ಹೇಳ್ತೀರಾ...'

ಆಮೇಲೆ ಫೋನು ರಿಂಗಾಯಿತು.

"ನೀವು ಬೈದಿದ್ರೇ ಚೆನ್ನಾಗಿತ್ತು," ಎಂದ ಲಿಫ್ಟಣ್ಣ. "ಹೀಗೆ ಬರೆದ್ರೆ ಅಳು ಬರತ್ತೆ."

"ಅಳ್ರೀ. ಬೇಡ ಅಂದೋರು ಯಾರು?"

ಅವನು ಅತ್ತ. ಅವಳು ಫೋನು ಇಡಲಿಲ್ಲ.

"ಮೊದಲ ದಿನ ಡ್ಯೂಟಿ ಥರಾನೇ ಇತ್ತು," ಎಂದ ಕೊನೆಗೆ. "ಮಾರನೇ ದಿನ ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಮೆಸೇಜ್ ಬಂದಿದ್ಯಾ ಅಂತ ನೋಡಿದೆ, ಏನೋ, ಆಮೇಲೆ ದಿನಾ ಅದೇ ಆಯ್ತು, ಹೇಗೆ ಹೇಳೋದು ಗೊತ್ತಾಗ್ತಿಲ್ಲ, ನೀವಿಲ್ದೆ ನನಗೆ..."

"ನಿಧಾನವಾಗಿ ಹೇಳಿ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಪೂರ್ತಿ ಕೇಳಿಸ್ಕೊಂಡೇ ಹೂಂ ಅಂತೀನಿ."