ಬಂಡೆಯಜ್ಜನ ಮುನಿಸು

"ಆ ತಲೆ ಇಳಿಸೋ, ಅಯೋಗ್ಯ!"

ಕಪ್ಪು ಮರಳಿನ ದಡದಲ್ಲಿ ನಿಂತು ಗ್ರೋವಾ ಗಂಟಲು ಹರಿಯುವಂತೆ ಕೂಗಿದಳು. ಕೊಲ್ಲಿಯೊಳಗೆ ನುಗ್ಗುತ್ತಿದ್ದ ದೋಣಿಯ ಮೂತಿಯಲ್ಲಿ ಮರದ ಡ್ರ್ಯಾಗನ್ ತಲೆ ಹಲ್ಲು ಕಿರಿಯುತ್ತಿತ್ತು. ನೆಲ ಕಂಡೊಡನೆ ಅದನ್ನು ಕಳಚಿ ಒಳಗಿಡಬೇಕು. ಇಲ್ಲದಿದ್ದರೆ ನೆಲ ಕಾಯುವ ದೈವಗಳು ಹೆದರಿ ಓಡಿಹೋಗುತ್ತವೆ. ಐಸ್‌ಲ್ಯಾಂಡಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಮಾತು.

ಚುಕ್ಕಾಣಿ ಹಿಡಿದಿದ್ದ ಯುವಕ ಮಾತ್ರ, ಅವಳು ಕೈ ಬೀಸುವುದನ್ನು ಕಂಡು ತಾನೂ ಖುಷಿಯಿಂದ ಕೈ ಬೀಸಿದ.

ಬೆಟ್ಟದ ಮೇಲಿನ ಕುರಿಗಳೆಲ್ಲ ಬೆದರಿ ಆಚೆ ಕಣಿವೆಗೆ ಓಡಿದವು.

"ಹೋಯ್ತು. ನಮ್ಮ ನೆಲ ಕಾಯೋ ಬಂಡೆಯಜ್ಜ ಬಿಟ್ಟು ಹೋದ," ಎಂದ ಗ್ರೋವಾಳ ಅಪ್ಪ ಥೋರ್ಬ್ರಾಂಡ್. ದೋಣಿಯಿಂದ ಇಳಿದವನನ್ನು ಮೇಲಿಂದ ಕೆಳಗೆ ನೋಡಿದ. "ಏನಯ್ಯಾ ನಿನ್ನ ಹೆಸರು?"

"ಕೆಟಿಲ್. ನಾರ್ವೆಯಿಂದ ಮರ ತಂದಿದ್ದೀನಿ ಯಜಮಾನ್ರೇ."

"ಮರ ಆಮೇಲಾಗಲಿ. ಅಜ್ಜನಿಲ್ಲದೆ ಇಲ್ಲಿ ಕುರಿ ನಿಲ್ಲಲ್ಲ, ಹಸು ಹಾಲು ಕೊಡಲ್ಲ. ಹೆದರಿಸಿದವನೇ ಒಲಿಸಬೇಕು. ಬೆಣ್ಣೆ ತಗೊಂಡು ಅವನ ಬಂಡೆ ಹತ್ರ ಹೋಗು, ನಿಜ ಹೇಳು. ಸಂಜೆ ಕಡಲ ಇಳಿತದೊಳಗೆ ಅಜ್ಜ ಬರಲಿಲ್ವೋ, ದೋಣಿ ಹತ್ತು. ಮತ್ತೆ ಈ ಕೊಲ್ಲಿ ಕಡೆ ಸುಳಿಯಬೇಡ."

'ಇವನು ದಾರಿಯಲ್ಲೇ ಬೆಣ್ಣೆ ನೆಕ್ಕಿಬಿಟ್ಟರೆ?' ಗ್ರೋವಾಗೆ ನಂಬಿಕೆ ಬರಲಿಲ್ಲ. ಒಳದಾರಿ ಹಿಡಿದು ಮೊದಲೇ ಹೋಗಿ ಬಂಡೆಯ ಹಿಂದೆ ಕೂತಳು.

ಕೆಟಿಲ್ ಬಂದ. ಬೆಣ್ಣೆ ಇಟ್ಟ. ಟೋಪಿ ತೆಗೆದ.

"ಅಜ್ಜ, ತಪ್ಪಾಯ್ತು. ಪದ್ಧತಿ ಗೊತ್ತಿಲ್ಲ ಅಂತಲ್ಲ. ತಲೆ ಇಳಿಸ್ರೋ ಅಂತ ಹೇಳೋಕೇ ಬಾಯಿ ತೆರೆದೆ. ಅಷ್ಟರಲ್ಲಿ ದಡದಲ್ಲಿ ಒಬ್ಬಳು ಕಾಣಿಸಿದಳು... ತೆರೆದ ಬಾಯಿ ಹಾಗೇ ಉಳೀತು."

ಗ್ರೋವಾ ಉಸಿರು ಬಿಗಿಹಿಡಿದಳು. ತಡೆಯಲಾರದೆ, ದನಿ ಒರಟು ಮಾಡಿ ಕೇಳಿದಳು.

"ಹೂಂ... ಹೇಗಿದ್ದಳು?"

ಕೆಟಿಲ್ ಬೆಚ್ಚಿ ಕೈ ಮುಗಿದ. "ಸಿಟ್ಟಲ್ಲಿದ್ದಳು ಅಜ್ಜ. ಕೂದಲೆಲ್ಲ ಗಾಳಿಗೆ ಕೆದರಿತ್ತು. ಇಂಥವಳು ಮನೇಲಿದ್ರೆ ಚಳಿಗಾಲಕ್ಕೂ ಹೊಸಿಲು ದಾಟೋ ಧೈರ್ಯ ಬರಲ್ಲ ಅನ್ನಿಸ್ತು."

"ನಿನ್ನ ಬೈದಳಲ್ಲಾ?"

"ಗಾಳಿ ಬೆಟ್ಟದ ಕಡೆ ಬೀಸ್ತಿತ್ತು, ನನಗೆ ಕೇಳಿಸಲಿಲ್ಲ. ಬಾ ಅಂತಿದ್ದಾಳೆ ಅಂದ್ಕೊಂಡೆ, ಪೆದ್ದ."

'ಅಯ್ಯೋ, ಪೆದ್ದನೇ...' ಸಂಜೆ ಇಳಿತ ಬಾರದೇ ಇದ್ದರೆ ಚೆನ್ನಾಗಿತ್ತು ಎಂದು ಅವಳ ಮನಸ್ಸು ಮೊದಲ ಬಾರಿಗೆ ಬಯಸಿತು.

"ಇಬ್ಬರೂ ಸ್ವಲ್ಪ ಸುಮ್ಮನಿರ್ತೀರಾ?"

ಈ ದನಿ ಬಂಡೆಯದೇ. ಪಾಚಿ ಸರಿದು ಎರಡು ಬೂದು ಕಣ್ಣು ತೆರೆದವು.

"ನಾನೆಲ್ಲಿಗೂ ಹೋಗಿಲ್ಲ. ಮರದ ಹಲ್ಲಿಗೆ ಹೆದರೋ ವಯಸ್ಸಾ ನಂದು? ಕುರಿ ಓಡಿದ್ದು ಈ ಹುಡುಗಿ ಕೂಗಿದ ಕೂಗಿಗೆ. ನನ್ನ ನಿದ್ದೆಯೂ ಕೆಟ್ಟಿತು. ಮತ್ತೆ ಮಗಳೇ, ನನ್ನ ದನಿ ಅಷ್ಟು ಕೀರಲಲ್ಲ. ಬೆಣ್ಣೆ ಇಲ್ಲೇ ಇರಲಿ, ನೀವು ನಡೀರಿ."

ಕಣ್ಣು ಮುಚ್ಚಿತು. ಗೊರಕೆ ಶುರುವಾಯಿತು.

ಗ್ರೋವಾ ಮೆಲ್ಲಗೆ ಹೊರಬಂದಳು, ಕಿವಿಯವರೆಗೂ ಕೆಂಪಾಗಿ. ಕೆಟಿಲ್ ಅವಳಿಗಿಂತ ಕೆಂಪಾಗಿದ್ದ.

"ಎಲ್ಲಾ... ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ."

ಕೆಳಗೆ ಕೊಲ್ಲಿಯ ನೀರು ಹಿಂದೆ ಸರಿಯಲು ಆರಂಭಿಸಿತ್ತು.

"ಅಜ್ಜ ಹೋಗಿಲ್ಲ ಅಂತ ನಿಮ್ಮಪ್ಪನಿಗೆ ಹೇಳ್ತೀಯಾ?"

"ಅದು ಹೇಳಬೇಕಂದ್ರೆ ಕುರಿ ಓಡಿಸಿದ್ದು ನಾನೇ ಅಂತಲೂ ಹೇಳಬೇಕು. ಊರವರೆಲ್ಲ ಮುಂದಿನ ಚಳಿಗಾಲದವರೆಗೂ ನಗ್ತಾರೆ."

"ಕಷ್ಟ ಅಲ್ವಾ?"

"ಕಷ್ಟಾನೇ." ಅವಳು ಇಳಿಜಾರಿನಲ್ಲಿ ಮುಂದೆ ಹೆಜ್ಜೆಯಿಟ್ಟು, ಹಿಂದಕ್ಕೆ ಕೈ ಚಾಚಿದಳು. "ನೀನು ಹೋಗೋದು ಅದಕ್ಕಿಂತ ಕಷ್ಟ. ಬೇಗ ಬಾ."

ಅವನು ಆ ಕೈ ಹಿಡಿದ.

"ಇಷ್ಟು ಮೆಲ್ಲಗೂ ಮಾತಾಡ್ತೀಯಾ ನೀನು?"

"ಹತ್ರ ಇದ್ದರೆ," ಎಂದಳು ಗ್ರೋವಾ.