ಎರಡನೆಯ ರೀಲು

ಬುಧವಾರ ಹಲ್ಲಿನ ಡಾಕ್ಟರ್ ಬರುತ್ತಾನೆಂದು ಅವಳು ಮಂಗಳವಾರವೇ ತಲೆಗೆ ಸ್ನಾನ ಮಾಡುತ್ತಿದ್ದಳು. ಕೇಳಿದವರಿಗೆ ಧೂಳಿನ ನೆಪ. ಹಳೆಯ ಫಿಲ್ಮು ರಿಪೇರಿ ಮಾಡುವ ಅವಳ ಅಂಗಡಿಯಲ್ಲಿ ಧೂಳಿಗೇನು ಬರ!

ಅವನಿಗೆ ಮೂಕಿ ಕಾಲದ ನಗೆಚಿತ್ರಗಳ ಹುಚ್ಚು. ಜಾರಿ ಬೀಳುವವರು, ಒದೆ ತಿನ್ನುವವರು, ಮುಖಕ್ಕೆ ಸುಣ್ಣ ಬಳಿಸಿಕೊಳ್ಳುವವರು, ಎಲ್ಲರನ್ನೂ ಡಬ್ಬಿಗಳಲ್ಲಿ ಕೂಡಿಟ್ಟಿದ್ದ. ವಾರಕ್ಕೊಂದು ಹರಿದ ರೀಲು ಹಿಡಿದು ಬರುತ್ತಿದ್ದ. ಒಂದು ಚಿತ್ರ ಮಾತ್ರ ಅರ್ಧವೇ ಇತ್ತು. ಡೊಳ್ಳುಹೊಟ್ಟೆಯ ಪೊಲೀಸಪ್ಪ ಏಣಿಯ ತುದಿಯಲ್ಲಿ ತೂರಾಡುವಾಗಲೇ ಮೊದಲ ರೀಲು ಮುಗಿಯುತ್ತಿತ್ತು. ಎರಡನೆಯದು ಯಾವ ಸಂಗ್ರಾಹಕನ ಬಳಿಯೂ ಇರಲಿಲ್ಲ. ಹುಡುಕಿಕೊಡಲು ಅವಳಿಗೆ ಹೇಳಿದ್ದ.

"ಸಿಕ್ತಾ?" ಎಂದು ಬಾಗಿಲಲ್ಲೇ ಕೇಳುತ್ತಿದ್ದ.

"ಇಲ್ಲ ಡಾಕ್ಟ್ರೇ. ಮೊದ್ಲು ಒಳಗೆ ಬನ್ನಿ."

"ಪಾಪ, ಮೂರು ವರ್ಷದಿಂದ ಏಣಿ ಮೇಲೇ ಇದಾನೆ!"

ನಗುವಾಗ ಅವನು ಕನ್ನಡಕ ತೆಗೆದು ಒರೆಸುತ್ತಿದ್ದ. ಆಗ ಅವನಿಗೇನೂ ಕಾಣಿಸದೆಂದು ತಿಳಿದೇ ಅವಳು ಕಣ್ತುಂಬ ನೋಡಿಕೊಳ್ಳುತ್ತಿದ್ದಳು.

ರೀಲು ಸಿಕ್ಕಿತ್ತು. ಅವನು ಬರತೊಡಗಿದ ಮೊದಲ ತಿಂಗಳೇ, ಮುಚ್ಚಿಹೋದ ಟಾಕೀಸಿನ ಗುಜರಿಯಲ್ಲಿ. ಹರಿದ ರೀಲುಗಳು ಎಷ್ಟೆಂದು ಇರುತ್ತವೆ? ಇದನ್ನೂ ಕೊಟ್ಟರೆ ಅವನು ಯಾಕೆ ಬರುತ್ತಾನೆ? ಡಬ್ಬಿಗೆ ಟೇಪು ಸುತ್ತಿ, ಅಂಗಡಿಯನ್ನು ಅವಳಿಗೆ ಬಿಟ್ಟುಹೋದ ಸೋದರಮಾವನ ಟ್ರಂಕಿನ ತಳಕ್ಕೆ ತಳ್ಳಿದಳು. ಮತ್ತೆ ಮುಟ್ಟಲು ಧೈರ್ಯ ಬರಲಿಲ್ಲ.

ಈ ಬುಧವಾರ ಅವನು ಕೂರಲೇ ಇಲ್ಲ.

"ಬೇರೆ ಊರಿನ ಆಸ್ಪತ್ರೆಯೋರು ಕರೀತಿದಾರೆ. ಹೋಗ್ಲಾ ಬೇಡ್ವಾ ಅಂತ..." ಎಂದವನು ಅವಳ ಮುಖ ನೋಡಿದ.

ಅವಳು ಒಳಗೆ ಓಡಿಹೋಗಿ ಡಬ್ಬಿ ತಂದು ಅವನ ಕೈಗಿಟ್ಟಳು.

"ನನ್ಹತ್ರಾನೇ ಇತ್ತು. ಕೊಟ್ರೆ ನೀವು ಬರಲ್ಲ ಅಂತ ಬಚ್ಚಿಟ್ಟೆ. ನೀವಂದ್ರೆ ನಂಗೆ ಅಷ್ಟು ಇಷ್ಟ."

ಅವನ ಮುಖ ಅರಳಿತು. ಅವಸರದಿಂದ ಟೇಪು ಬಿಚ್ಚಿದ. ಘಾಟು ಮೂಗಿಗೆ ಬಡಿಯಿತು. ಒಳಗಿದ್ದದ್ದು ಕಂದು ಬಣ್ಣದ ಅಂಟು, ಒಂದಿಷ್ಟು ಪುಡಿ. ಆ ಕಾಲದ ಫಿಲ್ಮಿಗೆ ಗಾಳಿಯಾಡಬೇಕು, ಬಿಗಿಯಾಗಿ ಮುಚ್ಚಿಟ್ಟರೆ ತನ್ನಷ್ಟಕ್ಕೆ ಕೊಳೆಯುತ್ತದೆ. ಬಂದವರಿಗೆಲ್ಲ ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದವಳು ಅವಳೇ.

ಅವನು ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ.

"ನನ್ಹತ್ರ ಹರಿದಿದ್ದು ಯಾವತ್ತೋ ಖಾಲಿಯಾಯ್ತು. ಇಲ್ಲಿಗೆ ಬರೋಕೆ ಅಂತ ಚೆನ್ನಾಗಿರೋದನ್ನೇ ನಾನು ಹರ್ಕೊಂಡು ತರ್ತಿದ್ದೆ."

ಅವನು ಮತ್ತೆ ಡಬ್ಬಿಯನ್ನೇ ನೋಡಿದ.

"ಆದ್ರೆ ನಾನು ಹರಿದಿದ್ದು ನನ್ನದನ್ನ. ಪ್ರತಿ ಬುಧವಾರ ಬಾಗಿಲಲ್ಲೇ ಕೇಳ್ತಿದ್ದೆ. ನೀವು ನಗ್ತಾ ನಗ್ತಾ ಇಲ್ಲ ಅಂದ್ರಿ. ಮೂರು ವರ್ಷ."

ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು, "ಆಸ್ಪತ್ರೆಯೋರಿಗೆ ಬರ್ತೀನಿ ಅಂತ ಹೇಳ್ಬಿಡ್ತೀನಿ" ಎಂದ.

ಹೋಗಬೇಡಿ ಎಂಬ ಒಂದು ಮಾತು ಕೇಳಲೆಂದೇ ಅವನು ಇವತ್ತು ಬಂದಿದ್ದ. ಅದೀಗ ಅವಳಿಗೆ ತಿಳಿಯಿತು. ಹೇಳಲು ಬಾಯಿ ತೆರೆದಳು. ಯಾವ ಮುಖ ಇಟ್ಟುಕೊಂಡು ಹೇಳುವುದು? ಅವನು ಮೆಟ್ಟಿಲಿಳಿದು ಹೋದ.